ಹದಿನಾಲ್ಕನೇ ಕಾಲಂ

ಚಿತ್ತಾಪುರ ತಹಸೀಲ ಕಚೇರಿ ಎದುರಿಗೆ
ಬೇವಿನ ನೆರಳು ಸರಿದಂಗ ಸ್ಟೂಲು ಸರಿಸಿಕೋತ
ಮಂದಿ ಅರ್ಜಿ ತುಂಬತೀನಿ.
ಒಂದಕ್ಕ ಇಪ್ಪತ್ತು ರೂಪಾಯಿ. ಕಣ್ಣಿಲ್ಲದವರಿಗೆ ಹತ್ತು.
ಓದಿ ಹೇಳೂದು ಪುಕ್ಕಟೆ.

ಹೆಸರು, ತಂದಿ ಹೆಸರು, ಅಂಗವೈಕಲ್ಯ ಶೇಕಡಾ ಎಷ್ಟು,
ಬ್ಯಾಂಕು, ಆಧಾರ, ಎಡಗೈ ಹೆಬ್ಬೆಟ್ಟು,
ಒಟ್ಟು ಹದಿಮೂರು ಕಾಲಂ.
ಕಾಲಂ ಅಂದಾಗೆಲ್ಲ ಒಳಗೊಳಗ ನಗಿ ಬರ್ತದ:
ಸರಕಾರಕ್ಕ ಹದಿಮೂರು ಕಾಲು,
ನನಗ ಒಂದೂವರಿ.

ಹೋದ ಸೋಮವಾರ ಹೊಸ ಗುಮಾಸ್ತ
ಚಾ ಕುಡಿಲಿಕ್ಕ ಮ್ಯಾಲಿಂದ ಇಳದು ಬಂದಂವ ಕೇಳಿದ:
"ಸುವಾರ್ತಮ್ಮ, ತಿಂಗಳಾ ರೊಕ್ಕ ಬರ್ತದಲ್ಲ ನಿಂಗ,
ಒಂದ ಜೀವ,
ಏನ್ ಮಾಡ್ತಿ ಅದನ್ನ?"
ಮಾರ್ಯಾಗ ಕುಚೇಷ್ಟಿ ಇರಲಿಲ್ಲ.
ಖರೇನೇ ತಿಳಕೋಬೇಕಂತಿದ್ದ.

ಅವತ್ತಿನಿಂದ, ಕೆಟ್ಟುಹೋದ ಅರ್ಜಿಗಳ ಬೆನ್ನಿಗೆ
ಹಿಸಾಬ ಬರಿಲಿಕ್ಹತ್ತೀನಿ.

ಬಡಿಗಿ ಬುಡದ ರಬ್ಬರು, ಎರಡು.
ನಮ್ಮ ಕಡಿ ಪರ್ಸಿ ಕಣ್ಣಿಗೆ ನುಣ್ಣಗ ಕಾಣ್ತದ,
ಅದಕ್ಕೂ ಹಲ್ಲವ ಅಂತ ರಬ್ಬರಿಗೇ ಗೊತ್ತು.
ನಲವತ್ತು ದಿನಕ್ಕ ಒಂದು ಜೋಡಿ ತಿಂತದ.
ಕುಪ್ಪಸ ಬಗಲಾಗ ಹರೀತದ, ಉಳದದ್ದೆಲ್ಲ ಹೊಸಾದು.
ಚಪ್ಪಲಿ ಒಂದ ಕೊಡು ಅಂದ್ರ ಮೈನೊದ್ದೀನ ಕೊಡಂಗಿಲ್ಲ,
ಜೋಡೀನೇ ಒಯ್ಯಬೇಕು.
ಮಂಚದ ಬುಡಕ ಹನ್ನೊಂದು ಬಲಗಾಲಿನವು
ಧೂಳ ಮೆಟ್ಟದ ಕುಂತಾವ,
ಊಟಕ್ಕ ಏಳರಿ ಅನ್ನದ ಬೀಗರಂಗ.

ಟಂಟಂನವ ಬಡಿಗಿಗೂ ಒಂದು ಸೀಟು ಹಿಡೀತಾನ.
ಅವನ ತಪ್ಪಲ್ಲ, ಡೀಸೆಲ್ ಯಾರಪ್ಪಂದು?
ನೀರು ತರೂ ಹುಡುಗಗ ಕೊಡಕ್ಕ ಎರಡು ರೂಪಾಯಿ.
ಖೋಲಿ ಬಾಡಿಗಿ: ಮ್ಯಾಲಿಂದು ಒಂಬೈನೂರು,
ಕೆಳಗಿಂದು ಹದಿನೈದನೂರು.
ಎಂದೂ ಹತ್ತದ ಹನ್ನೆರಡು ಮೆಟ್ಟಲಿಗೆ
ತಿಂಗಳಾ ಬಾಡಿಗಿ ಕಟ್ಟತೀನಿ.

"ತಮ್ಮಾ, ಈ ಗಂಟು ಒಂದೀಟು ಎತ್ತಿಡು" ಅಂತ
ನಕ್ಕೋತ ಕೇಳಬೇಕು, ಸಿಟ್ಟು ಬಂದ ದಿನಾನೂ.
ಆ ನಗಿ ಖರ್ಚಿನಾಗ ಹಿಡೀಲೋ, ಬಿಡಲೋ,
ಇನ್ನೂ ತಿಳಿದಿಲ್ಲ. ಪೆನ್ಸಿಲಿನಾಗ ಬರದಿಟ್ಟೀನಿ.

ಕೂಡಿಸಿದೆ. ತಿರುಗಿ ಕೂಡಿಸಿದೆ.
ಬರೂ ರೊಕ್ಕ ಮುಗದ ಮ್ಯಾಲ
ಏಳನೂರಾ ಮೂವತ್ತು ಇನ್ನೂ ನಿಂತಿತ್ತು,
ಬಡಿಗಿ ಇಲ್ಲದ, ನೆಟ್ಟಗ.
ಇದರಾಗ ತೊಗರಿಬ್ಯಾಳಿ ಇಲ್ಲ, ಜ್ವಾಳ ಇಲ್ಲ.
ಹಸಿವಿ ಎಲ್ಲಾರಿಗೂ ಅದ, ಅದನ್ನ ಬ್ಯಾರೆ ಇಟ್ಟೀನಿ.
ಇದು ಬರೇ, ಮುಂಜಾನೆ ಎದ್ದು
ನಿಮ್ಮಂಗ ಹೊಸ್ತಿಲ ದಾಟಲಿಕ್ಕ ಹತ್ತಿದ್ದು.

ಇವತ್ತು ವಾಡಿ ಕಡಿ ತಾಂಡಾದಿಂದ ತುಳಜಾರಾಮ ಬಂದಿದ್ದ.
ಇಪ್ಪತ್ತೆರಡರ ಹುಡುಗ. ಲಾರಿ ಹಿಂದಕ್ಕ ಸರಿವಾಗ
ಎಡಗಾಲು ಅಲ್ಲೇ ಬಿಟ್ಟು ಬಂದಂವ.
ಹದಿಮೂರೂ ತುಂಬಿದೆ.
ಆಮ್ಯಾಲ ಪಟ್ಟಿ ಇಟ್ಟು ಗೀಟು ಎಳದು
ಹದಿನಾಲ್ಕು ಅಂತ ಹಾಕಿ, ಬರದೆ: ಹೆಚ್ಚಿನ ಖರ್ಚು.
"ಅಚ್ಚಿನಾಗ ಇಲ್ಲಲ್ಲಕ್ಕ ಇದು?"
"ಇರಲಿ, ಹೇಳು."
ಭಾಳ ಹೊತ್ತು ನೆಲ ನೋಡಿದ.
"ಚಪ್ಪಲಿ" ಅಂದ.

ನನ್ನ ಎದಿ ಒಮ್ಮೆ ಜಿಗೀತು. ಬಲಗಾಲ ಹುಡುಗ!
"ನಂಬರ್ ಎಷ್ಟಪ್ಪಾ?"
"ಒಂಬತ್ತು."
ನನ್ನ ಹನ್ನೊಂದೂ ಆರನೇ ನಂಬರಿನವು.
ಯಾಕಂತ ಹೇಳಿದೆ. ಇಬ್ಬರೂ ನಕ್ಕು ನಕ್ಕು,
ಅವನ ಹೊಸ ಬಡಿಗಿ ಜಾರಿ ಬಿತ್ತು.

ಗುಮಾಸ್ತ ಚಾ ಕಪ್ಪು ಇಟ್ಟು ಅರ್ಜಿ ಓದಿದ.
ಹೊಡದು ಹಾಕಲಿಲ್ಲ, ಸಹೀನೂ ಮಾಡಲಿಲ್ಲ.
"ಈ ಕಾಲಂ ಎಲ್ಲಿಗಂತ ಕಳಸಲಿ, ಸುವಾರ್ತಮ್ಮ?"

"ಮ್ಯಾಲಕ್ಕ" ಅಂದೆ.
"ಮೆಟ್ಟಲ ಅವಲ್ಲ, ಹತ್ತರಿ.
ನಿಮಗ ಕಾಲವ."